ಬೆಟ್ಟದ ದಾರಿಯಲ್ಲಿ ಹದಿಮೂರು ಮೈಲಿ

ಅರವತ್ತು ಸಂವತ್ಸರಗಳನ್ನು ಕಳೆದ ಮನುಷ್ಯನು ಓಡತಕ್ಕದ್ದಲ್ಲವೆಂಬುದು ನಮ್ಮ ಜನರಲ್ಲಿ ಬೇರೂರಿರುವ ಅಭಿಪ್ರಾಯ. ಮಳೆ ಬಂದರೆ ಓಡಬಹುದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಹುದು. ರೈಲು ಹೊರಡುವ ಸಮಯವಾದರೆ ಕೈಯಲ್ಲಿ ಗಂಟಿದ್ದರೂ ಓಡಬಹುದು. ಇವು ಯಾವುವೂ ಇಲ್ಲದೆ, ಬನಿಯನ್ನಿನಂಥ ಅಂಗಿಯನ್ನು ತೊಟ್ಟು, ಎದೆಯ ಮೇಲೆ ಒಂದು ಅಂಕೆಯನ್ನು ಚುಚ್ಚಿಕೊಂಡು, ಬೆಳಗಿನ ಚಳಿಯಲ್ಲಿ ಬೆಟ್ಟದ ದಾರಿ ಹಿಡಿದು ಓಡುವ ವೃದ್ಧನನ್ನು ಕಂಡವರು ನಗುವುದು ಸ್ವಾಭಾವಿಕವೇ ಸರಿ. ನಾವೂ ಹಾಗೆ ನಕ್ಕವರೇ. ಆದರೆ ಕಳೆದ ನವೆಂಬರ್ ತಿಂಗಳ ಕಡೆಯ ಭಾನುವಾರದ ದಿನ ಚಿಕ್ಕಮಗಳೂರಿನ ಬಳಿ ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ ಹದಿಮೂರು ಮೈಲಿಗಳ ಓಟವೊಂದರಲ್ಲಿ ಸೇರಿ, ನಗಿಸಿಕೊಳ್ಳುವವರ ಪಂಕ್ತಿಯಲ್ಲಿ ಕುಳಿತೆವು. ಅಲ್ಲಿ ನಾವು ಪಡೆದ ಸ್ಥಾನವು ಹೇಳಿಕೊಳ್ಳತಕ್ಕದ್ದಲ್ಲ. ದಾರಿಯಲ್ಲಿ ನಡೆದ ಒಂದು ಸಂಗತಿಯನ್ನು ಮಾತ್ರ ನಮ್ಮ ವಯಸ್ಸಿನವರೂ ಅವರ ಮನೆಯವರೂ ತಿಳಿದಿರುವುದು ಒಳ್ಳೆಯದೆಂದು ತೋರಿದ್ದರಿಂದ ಈ ವೃತ್ತಾಂತವನ್ನು ಬರೆಯುತ್ತಿದ್ದೇವೆ.

ನಾವು ಮೂವತ್ತನಾಲ್ಕು ವರ್ಷಕಾಲ ಕನ್ನಡ ಸಂಸ್ಕೃತಗಳನ್ನು ಪಾಠ ಹೇಳಿ ವಿಶ್ರಾಂತಿ ಪಡೆದವರು. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ತಕ್ಕ ದಕ್ಷಿಣೆಯೆಂಬಂತೆ ಐವತ್ತೇಳನೆಯ ವಯಸ್ಸಿನಲ್ಲಿ ಮಧುಮೇಹವು ನಮ್ಮ ಮನೆಯನ್ನು ಹುಡುಕಿಕೊಂಡು ಬಂದಿತು. ವೈದ್ಯರು ಎರಡು ಬಗೆಯ ಮಾತ್ರೆಗಳನ್ನು ಬರೆದುಕೊಟ್ಟು, ದಿನವೂ ನಡೆಯಬೇಕೆಂದು ವಿಧಿಸಿದರು. ನಮ್ಮ ಊರು ಕಡೂರು ಸೀಮೆಯದು, ಬಯಲು ನೆಲ. ಊರ ಮುಂದಿನ ಕೆರೆಯ ಏರಿಯ ಮೇಲೆ ಪ್ರಾತಃಕಾಲದಲ್ಲಿ ಹೋಗಿಬರುವುದು ಅಭ್ಯಾಸವಾಯಿತು. ಒಂದು ದಿನ ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಎದುರಾದನು. ಈಗ ಅವನು ಗಿರಿಯ ತಪ್ಪಲಿನ ಕಾಫಿ ತೋಟವೊಂದರಲ್ಲಿ ರೈಟರು. ಕುಶಲಪ್ರಶ್ನೆಗಳಾದ ಮೇಲೆ, "ಮೇಷ್ಟ್ರೇ, ಎಂಟನೆಯ ತರಗತಿಯ ಶುಕ್ರವಾರದ ಡ್ರಿಲ್ ಪಿರಿಯಡ್ಡು ಜ್ಞಾಪಕವಿದೆಯೇ?" ಎಂದು ಕೇಳಿದನು.

ಜ್ಞಾಪಕವಿಲ್ಲದೆ ಏನು! ಡ್ರಿಲ್ ಮೇಷ್ಟ್ರನ್ನು ಜನಗಣತಿಗೋ ಚುನಾವಣೆಯ ಕೆಲಸಕ್ಕೋ ಕಳುಹಿಸಿದಾಗಲೆಲ್ಲ ಆ ಘಂಟೆಯನ್ನು ನಾವು ವಶಪಡಿಸಿಕೊಳ್ಳುತ್ತಿದ್ದೆವು. ಆ ಮೇಷ್ಟ್ರು ಇದ್ದಾಗಲೂ, ಪರೀಕ್ಷೆ ಹತ್ತಿರವಾಯಿತೆಂಬ ನೆವ ಹೇಳಿ ಬೇಡಿ ಪಡೆಯುತ್ತಿದ್ದುದುಂಟು. ಕಿಟಕಿಯಾಚೆ ಬಿಸಿಲು ಬಿದ್ದ ಮೈದಾನವನ್ನು ನೋಡುತ್ತ ಹುಡುಗರು ರಾಮಃ ರಾಮೌ ರಾಮಾಃ ಎಂದು ಕೂಗುತ್ತಿದ್ದರು. ಆಗ ಅದು ನಮಗೆ ಕರ್ತವ್ಯನಿಷ್ಠೆಯೆಂದೇ ತೋರುತ್ತಿತ್ತು. "ಆ ಬಾಕಿಯನ್ನು ನೀವು ತೀರಿಸಬೇಕು. ನವೆಂಬರಿನಲ್ಲಿ ನಮ್ಮ ಕಡೆ ಒಂದು ಓಟವಿದೆ, ಬನ್ನಿ" ಎಂದು ಅವನು ನಗುತ್ತಲೇ ಹೇಳಿದನು. ನಗುತ್ತ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹದಿನೈದು ದಿನಗಳ ತರುವಾಯ ಒಪ್ಪಿಗೆಯನ್ನು ತಿಳಿಸಿದೆವು.

ಈ ಓಟಕ್ಕೆ ಅರ್ಧ ಮ್ಯಾರಥಾನ್ ಎಂದು ಹೆಸರು. ಪೂರ್ಣ ಮ್ಯಾರಥಾನಿನ ದೂರವು ೨೬ ಮೈಲಿ ೩೮೫ ಗಜ, ಎಂದರೆ ೪೨.೧೯೫ ಕಿಲೋಮೀಟರು, ಅದರಲ್ಲಿ ಅರ್ಧವೆಂದರೆ ೨೧ ಕಿಲೋಮೀಟರಿನ ಮೇಲೆ ಇನ್ನೂ ನೂರು ಮೀಟರಿಗೆ ಸ್ವಲ್ಪ ಕಡಿಮೆ. ಇಂಥಾ ವಿಚಿತ್ರವಾದ ಲೆಕ್ಕವು ಎಲ್ಲಿಂದ ಬಂದಿತೆಂದು ವಿಚಾರಿಸಲಾಗಿ, ೧೯೦೮ರ ಲಂಡನ್ ಒಲಿಂಪಿಕ್ ಪಂದ್ಯದಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪೀಠದೆದುರು ಮುಗಿಯುವಂತೆ ದಾರಿಯನ್ನು ಗೊತ್ತುಮಾಡಿದ್ದರೆಂದೂ, ೧೯೨೧ರಲ್ಲಿ ಆ ಅಳತೆಯೇ ಎಲ್ಲ ದೇಶಗಳಿಗೂ ಸ್ಥಿರವಾಯಿತೆಂದೂ ತಿಳಿಯಿತು. ಒಂದು ರಾಜಕುಟುಂಬದ ಅನುಕೂಲಕ್ಕಾಗಿ ಜಗತ್ತಿನ ಓಟಗಾರರೆಲ್ಲರೂ ಇಂದಿಗೂ ಆ ೩೮೫ ಗಜಗಳನ್ನು ಓಡುತ್ತಿದ್ದಾರೆ!

ಮ್ಯಾರಥಾನ್ ಎಂಬುದು ಯವನರ ದೇಶದ ಒಂದು ರಣಭೂಮಿ. ಕ್ರಿಸ್ತಪೂರ್ವ ೪೯೦ರಲ್ಲಿ ಅಲ್ಲಿ ಪಾರಸೀಕರನ್ನು ಗೆದ್ದ ವಾರ್ತೆಯನ್ನು ಹೊತ್ತು ಒಬ್ಬ ದೂತನು ಅಥೆನ್ಸಿಗೆ ಓಡಿಬಂದು, ಜಯವೆಂದು ಹೇಳಿ ಪ್ರಾಣಬಿಟ್ಟನೆಂಬ ಕಥೆಯು ಪ್ರಸಿದ್ಧವಾಗಿದೆ. ಇದನ್ನು ನಾವು ಮನೆಯಲ್ಲಿ ಉತ್ಸಾಹದಿಂದ ಹೇಳಿದೆವು. ಅದು ನಮ್ಮ ಅವಿವೇಕ. ಓಡಿದವನು ಕಡೆಗೆ ಸತ್ತನಷ್ಟೆ ಎಂದು ನಮ್ಮ ಮನೆಯಾಕೆಯು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆ ಕಾಲಕ್ಕೆ ಹತ್ತಿರದವನಾದ ಹೆರೊಡೋಟಸನು ಈ ಮರಣವನ್ನು ಹೇಳುವುದೇ ಇಲ್ಲ. ಯುದ್ಧಕ್ಕೆ ಮೊದಲು ಸಹಾಯವನ್ನು ಕೇಳಲು ಆ ದೂತನು ಸ್ಪಾರ್ಟಾ ನಗರಕ್ಕೆ ಓಡಿದನೆಂದಷ್ಟೇ ಅವನು ಬರೆದಿದ್ದಾನೆ. ಸತ್ತ ಕಥೆಯನ್ನು ಬರೆದವರು ಶತಮಾನಗಳು ಕಳೆದ ಮೇಲೆ ಹುಟ್ಟಿದವರು ಎಂದು ಗ್ರಂಥಾಧಾರದಿಂದ ಸಮಾಧಾನ ಹೇಳಬೇಕಾಯಿತು. ಗ್ರಂಥಾಧಾರವು ಅಡಿಗೆಯ ಮನೆಯಲ್ಲಿ ಹೆಚ್ಚು ದೂರ ಸಾಗಲಿಲ್ಲ. ಆಕೆಯು ಎರಡು ನಿಯಮಗಳನ್ನು ಹಾಕಿದಳು. ತಾನು ಕಟ್ಟಿಕೊಡುವ ಬೆಲ್ಲವನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕು; ದಾರಿಯಲ್ಲಿ ಏನಾದರೂ ಆದರೆ ಮುಚ್ಚಿಡಕೂಡದು.

ಇದೇ ವಿಚಾರವಾಗಿ ಓದುತ್ತಿರುವಾಗ ಮತ್ತೊಂದು ಸಂಗತಿಯನ್ನು ತಿಳಿದು ನಾಚಿದೆವು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬವರು ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದ ಒಲಿಂಪಿಕ್ ಪಂದ್ಯಕ್ಕೆ ಹೋಗಿ, ಪೂರ್ಣ ಮ್ಯಾರಥಾನನ್ನು ಮೂರು ಘಂಟೆಗಿಂತ ಕಡಿಮೆ ಕಾಲದಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಗಿಸಿದ್ದರು. ಕನ್ನಡ ನಾಡಿನ ಒಂದು ಊರಿನಿಂದ ಹೋದವರ ಈ ಹೆಸರನ್ನು ಮೂವತ್ತನಾಲ್ಕು ವರ್ಷಗಳಲ್ಲಿ ನಾವು ಒಂದು ದಿನವೂ ತರಗತಿಯಲ್ಲಿ ಹೇಳಿರಲಿಲ್ಲ. ನಮಗೇ ತಿಳಿಯದಿದ್ದುದನ್ನು ಹೇಳುವುದಾದರೂ ಹೇಗೆ?

ಅಭ್ಯಾಸವು ಜೂನ್ ತಿಂಗಳಲ್ಲಿ ಆರಂಭವಾಯಿತು. ಓಟವೆಂದರೆ ಮೊದಲ ದಿನದಿಂದಲೇ ಓಡುವುದೆಂದು ತಿಳಿದಿದ್ದೆವು. ಶಿಷ್ಯನು ಹಾಗಲ್ಲವೆಂದು ತಿದ್ದಿದನು. ಐದು ನಿಮಿಷ ನಡಿಗೆ, ಒಂದು ನಿಮಿಷ ಓಟ. ವಾರಗಳು ಕಳೆದಂತೆ ಓಟವು ಬೆಳೆದು ನಡಿಗೆಯು ಕುಗ್ಗಬೇಕು. ಓಡುವಾಗ ಒಂದು ವಾಕ್ಯವನ್ನು ಏದುಸಿರಿಲ್ಲದೆ ಹೇಳುವಂತಿದ್ದರೆ ವೇಗವು ಸರಿಯಾಗಿದೆಯೆಂದು ಅರ್ಥ. ಹೇಳಲಾರದೆ ಹೋದರೆ ನಿಧಾನಿಸಬೇಕು. ಇದು ವೈದ್ಯರೂ ಒಪ್ಪಿರುವ ಪರೀಕ್ಷೆ. ಏರಿಯ ಮೇಲೆ ಒಬ್ಬರೇ ಹೋಗುವ ನಾವು ಯಾರೊಡನೆ ಮಾತನಾಡೋಣ? ರಾಮಶಬ್ದವನ್ನೇ ಹಿಡಿದೆವು. ಏಕವಚನ ದ್ವಿವಚನ ಬಹುವಚನಗಳಿಗೆ ಒಂದೊಂದು ಹೆಜ್ಜೆ. ಮೊದಲ ವಾರ ತೃತೀಯಾ ವಿಭಕ್ತಿಯನ್ನು ಮುಟ್ಟುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಶ್ರಾವಣ ಮಾಸಕ್ಕೆ ಷಷ್ಠಿಯನ್ನು ತಲಪಿದೆವು. ನವರಾತ್ರಿಯ ಹೊತ್ತಿಗೆ ಸಂಬೋಧನೆಯವರೆಗೂ ಹೋಗಿ, ಹಿಂತಿರುಗಿ ಪ್ರಥಮೆಯಿಂದ ಹಿಡಿಯುವಷ್ಟು ದಮ್ಮು ಬಂದಿತು. ಯಾವ ಶಬ್ದರೂಪಕ್ಕಾಗಿ ಹುಡುಗರ ಓಟವನ್ನು ಕಸಿದಿದ್ದೆವೋ ಅದನ್ನೇ ಜಪಿಸುತ್ತ ನಾವು ಓಡುತ್ತಿದ್ದೆವು. ಸಂಸ್ಕೃತದಲ್ಲಿ ಓಟವನ್ನು ಹೇಳುವ ಧಾವ್ ಎಂಬ ಧಾತುವಿಗೆ ಶುದ್ಧಿಗೊಳಿಸುವುದೆಂಬ ಅರ್ಥವೂ ಉಂಟು. ಧಾವಕನೆಂದರೆ ಓಡುವವನೂ ಹೌದು, ಬಟ್ಟೆ ಒಗೆಯುವ ಅಗಸನೂ ಹೌದು. ಬೆವರಿನಿಂದ ತೊಯ್ದ ನಮ್ಮ ಅಂಗಿಗಳನ್ನು ದಿನವೂ ಒಗೆಯಬೇಕಾಗಿ ಬಂದ ನಮ್ಮ ಮನೆಯಾಕೆಗೆ ಈ ಶ್ಲೇಷೆಯನ್ನು ವಿವರಿಸಿದೆವು. ಆಕೆಯು ಮೆಚ್ಚಲಿಲ್ಲ.

ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯನ್ನು ಅಕ್ಟೋಬರಿನಲ್ಲಿ ಮಾಡಿಸಿದಾಗ ಸಕ್ಕರೆಯು ಇಳಿದಿತ್ತು. ಹೃದಯವನ್ನೂ ಪರೀಕ್ಷಿಸಿದ ವೈದ್ಯರು ಓಡಬಹುದೆಂದು ಅನುಮತಿಯನ್ನಿತ್ತು, ಒಂದು ಎಚ್ಚರಿಕೆಯನ್ನು ಹೇಳಿದರು. ನಮ್ಮ ಎರಡು ಮಾತ್ರೆಗಳಲ್ಲಿ ಒಂದು, ಉಂಡರೂ ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸತಕ್ಕ ಜಾತಿಯದು. ದೀರ್ಘಕಾಲದ ಓಟವೂ ಸಕ್ಕರೆಯನ್ನು ಇಳಿಸುತ್ತದೆ. ಎರಡೂ ಕೂಡಿದರೆ ಅಪಾಯವಾದುದರಿಂದ ಓಟದ ದಿನ ಬೆಳಿಗ್ಗೆ ಆ ಮಾತ್ರೆಯಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಳ್ಳಬೇಕು. ಇದನ್ನು ನಾವು ಚೀಟಿಯಲ್ಲಿ ಬರೆದುಕೊಂಡು ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟೆವು.

ಓಟವು ಕೈಮರಕ್ಕೆ ಈಚೆಗಿರುವ ಒಂದು ತೋಟದ ಕಣದಿಂದ ಹೊರಟು, ಗಿರಿಯ ರಸ್ತೆಯಲ್ಲಿ ಹತ್ತೂವರೆ ಕಿಲೋಮೀಟರು ಏರಿ, ಅದೇ ದಾರಿಯಲ್ಲಿ ಹಿಂತಿರುಗತಕ್ಕದ್ದು. ಮೂರೂವರೆ ಘಂಟೆಯ ಗಡುವು. ಬೆಳಿಗ್ಗೆ ಆರೂವರೆಗೆ ಕಣದಲ್ಲಿ ಮುನ್ನೂರು ಜನರಾದರೂ ನೆರೆದಿದ್ದರು. ಅವರಲ್ಲಿ ಹೆಂಗಸರ ಸಂಖ್ಯೆಯನ್ನು ನೋಡಿ ನಮಗೆ ಆಶ್ಚರ್ಯವೂ ಸಂತೋಷವೂ ಆಯಿತು. ಒಲಿಂಪಿಕ್ ಪಂದ್ಯದಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಡಲು ಅವಕಾಶ ದೊರೆತದ್ದೇ ೧೯೮೪ರಲ್ಲಿ. ಅದುವರೆಗೆ ಅಷ್ಟು ದೂರವು ಅವರ ದೇಹಕ್ಕೆ ಆಗದೆಂದು ಗಂಡಸರು ನಿರ್ಣಯಿಸಿಕೊಂಡಿದ್ದರು. ತಲೆಯ ಮೇಲೆ ಸೌದೆ ಹೊತ್ತು ಬೆಟ್ಟವಿಳಿಯುವ ಹೆಂಗಸರನ್ನು ಕಂಡ ನಮ್ಮ ದೇಶದವರು ಯಾರೂ ಹಾಗೆ ನಿರ್ಣಯಿಸಲಾರರು.

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನವನ ಬೆನ್ನು ಕಾಣುತ್ತಿತ್ತು, ಅವನ ಮುಂದಿನವನು ಕಾಣುತ್ತಿರಲಿಲ್ಲ. ದಾರಿಯ ಎರಡು ಕಡೆಯೂ ಸಿಲ್ವರ್ ಮರಗಳು, ಅವುಗಳ ಬೊಡ್ಡೆಯನ್ನು ತಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕೆಂಪು ಹಣ್ಣು ಬಿಟ್ಟ ಅರೇಬಿಕಾ ಗಿಡಗಳು. ಲೈನ್ ಮನೆಗಳಿಂದ ಒಲೆಯ ಹೊಗೆಯು ಏಳುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತನು ಅರಬ್ಬೀ ದೇಶದಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಬಿತ್ತಿದನೆಂಬ ಐತಿಹ್ಯವಿರುವುದು ಈ ಬೆಟ್ಟದ ಸಾಲಿಗೇ. ನಮ್ಮ ಕರ್ಣಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಇಲ್ಲಿಯದೇ. ಅದರ ಎತ್ತರವು ಸಮುದ್ರಮಟ್ಟದಿಂದ ಆರು ಸಾವಿರದ ಮುನ್ನೂರು ಅಡಿಗಳಿಗೂ ಮೇಲು. ಸಾಲು ಅರ್ಧಚಂದ್ರನಂತೆ ಬಾಗಿರುವುದರಿಂದ ಚಂದ್ರದ್ರೋಣವೆಂಬ ಹೆಸರೆಂದು ಹೇಳುತ್ತಾರೆ.

ಕೈಮರವನ್ನು ದಾಟಿದ ಮೇಲೆ ದಾರಿಯು ತನ್ನ ನಿಜಸ್ವರೂಪವನ್ನು ತೋರಿಸಿತು. ಕೆರೆಯ ಏರಿಯ ಮೇಲೆ ಪಳಗಿದ ಕಾಲಿಗೆ ಏರುವುದೆಂದರೇನೆಂದು ತಿಳಿಯದು. ತಿರುವಿನ ಮೇಲೆ ತಿರುವು. ಒಂದು ಮುಗಿಯಿತೆಂದರೆ ತಲೆಯ ಮೇಲೆ ಮತ್ತೊಂದರ ತಡೆಗೋಡೆ. ಹೆಜ್ಜೆಯನ್ನು ಚಿಕ್ಕದು ಮಾಡಿ, ದೃಷ್ಟಿಯನ್ನು ಹತ್ತು ಮಾರಿನಾಚೆ ನೆಟ್ಟು, ರಾಮಶಬ್ದವು ಮುರಿದಾಗಲೆಲ್ಲ ನಡಿಗೆಗೆ ಇಳಿದೆವು. ಏಳನೆಯ ಕಿಲೋಮೀಟರಿನಲ್ಲಿ ಮರಗಳು ಹಿಂದುಳಿದವು. ಮಂಜು ಕೆಳಗಾಯಿತು. ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನ ಬೆಟ್ಟಗಳು, ಅವುಗಳ ಮಡಿಲುಗಳಲ್ಲಿ ಮಾತ್ರ ಕಪ್ಪಗೆ ಅಡಗಿಕೊಂಡ ಶೋಲಾ ಕಾಡು, ಮೇಲೆ ತೊಳೆದಂಥ ಆಕಾಶ. ಪೂರ್ವದ ಕಡೆ ಮಂಜು ಹರಿದಲ್ಲಿ ಬಯಲುಸೀಮೆಯು ಕಾಣುತ್ತಿತ್ತು. ಅಲ್ಲಲ್ಲಿ ಕೆರೆಗಳು ಕನ್ನಡಿಯ ಚೂರುಗಳಂತೆ ಹೊಳೆಯುತ್ತಿದ್ದವು. ಅವುಗಳಲ್ಲಿ ಯಾವುದಾದರೂ ನಮ್ಮ ಊರಿನದಿರಬಹುದೇ ಎಂದು ನಿಂತು ನೋಡಿದೆವು. ಗುರುತು ಹತ್ತಲಿಲ್ಲ. ಹಿಂದಿನಿಂದ ಪ್ರವಾಸಿಗಳ ಕಾರೊಂದು ಬಂದು, ಇಷ್ಟು ದೊಡ್ಡ ಮೌನದಲ್ಲಿ ಕಿವಿಯ ಬಳಿಯೇ ಹಾರನ್ ಬಾರಿಸಿತು. ರಜೆಯ ದಿನಗಳಲ್ಲಿ ಈ ಇಕ್ಕಟ್ಟಾದ ದಾರಿಯಲ್ಲಿ ವಾಹನಗಳು ಒಂದರ ಹಿಂದೊಂದು ನಿಲ್ಲುತ್ತವಂತೆ. ಬೆಟ್ಟವನ್ನು ನೋಡಲು ಬಂದು ಮುಂದಿನ ಕಾರಿನ ಬೆನ್ನನ್ನು ನೋಡಿ ಹೋಗುವ ಈ ಯಾತ್ರೆಯ ಫಲವೇನೋ ನಮಗೆ ತಿಳಿಯದು.

ಒಂದು ಘಂಟೆ ಐವತ್ತು ನಿಮಿಷಕ್ಕೆ ತಿರುಗುವ ಸ್ಥಳವನ್ನು ಮುಟ್ಟಿದೆವು. ಅಲ್ಲಿ ಕೊಟ್ಟ ಬಾಳೆಯ ಹಣ್ಣಿನಲ್ಲಿ ಅರ್ಧವನ್ನು ತಿಂದು, ಕಾಲ ಹರಣವಾಗುವುದೆಂದು ಉಳಿದರ್ಧವನ್ನು ಬಿಟ್ಟೆವು. ಇನ್ನೇನು, ಇಳಿಜಾರಷ್ಟೆ!

ಇಳಿಜಾರು ಸುಲಭವೆಂಬುದು ಇಳಿಯದವರ ಮಾತು. ಏರುವಾಗ ಉಸಿರು ದುಡಿಯುತ್ತದೆ. ಇಳಿಯುವಾಗ ತೊಡೆಯ ಮಾಂಸಖಂಡಗಳು ಹಿಗ್ಗುತ್ತಲೇ ದೇಹದ ಭಾರವನ್ನು ಪ್ರತಿ ಹೆಜ್ಜೆಗೂ ತಡೆಹಿಡಿಯಬೇಕು. ಅದರಿಂದಾಗುವ ನೋವು ಆ ದಿನ ತಿಳಿಯುವುದಿಲ್ಲ. ಮಾರನೆಯ ದಿನ, ಅದರ ಮಾರನೆಯ ದಿನ, ಮೆಟ್ಟಿಲಿಳಿಯುವಾಗ ತಿಳಿಯುತ್ತದೆ. ಉಸಿರಿಗೆ ಕಷ್ಟವಿಲ್ಲದ್ದರಿಂದ ಮನಸ್ಸು ಮೋಸಹೋಗುತ್ತದೆ. ನಮ್ಮದೂ ಮೋಸಹೋಯಿತು. ಗಡಿಯಾರವನ್ನು ನೋಡಿ ಲೆಕ್ಕ ಹಾಕಲಾಗಿ, ಇದೇ ವೇಗದಲ್ಲಿ ಹೋದರೆ ಗಡುವಿಗೆ ಕಾಲು ಘಂಟೆ ಮೊದಲೇ ಕಣವನ್ನು ಸೇರುವಂತೆ ತೋರಿತು. ಶಿಷ್ಯನ ಮುಂದೆ ಹೀಗೆ ಬಂದು ನಿಲ್ಲಬೇಕೆಂಬ ಚಿತ್ರವನ್ನು ಮನಸ್ಸಿನಲ್ಲಿಯೇ ಬರೆದುಕೊಂಡೆವು.

ಹದಿನಾರನೆಯ ಕಿಲೋಮೀಟರಿನ ಕಲ್ಲನ್ನು ದಾಟಿದ ಮೇಲೆ ಬೆವರು ಹೆಚ್ಚಾಯಿತು. ಬಿಸಿಲೇರಿದೆಯೆಂದುಕೊಂಡೆವು. ಬೆರಳುಗಳು ನಡುಗಿದವು; ಚಳಿಯೆಂದುಕೊಂಡೆವು. ಬಿಸಿಲೂ ಚಳಿಯೂ ಒಟ್ಟಿಗೆ ಹೇಗಿರಬಲ್ಲವೆಂಬ ತರ್ಕವು ತಾರ್ಕಿಕರೆನಿಸಿಕೊಂಡ ನಮಗೆ ಹೊಳೆಯಲಿಲ್ಲ. ಬಾಯಿ ಮಾತ್ರ ಅಭ್ಯಾಸಬಲದಿಂದ ನಡೆಯುತ್ತಿತ್ತು. ರಾಮಾಯ ರಾಮಾಭ್ಯಾಂ ರಾಮೇಭ್ಯಃ. ಅದಾದ ಮೇಲೆ ಪಂಚಮಿ. ಪಂಚಮಿಯ ಏಕವಚನವು ಬರಲಿಲ್ಲ. ಮತ್ತೆ ಚತುರ್ಥಿಯಿಂದ ಹಿಡಿದೆವು: ರಾಮಾಯ. ಮುಂದೆ? ರಾಮಾಯ. ಮೂವತ್ತನಾಲ್ಕು ವರ್ಷ ಎಷ್ಟು ಸಾವಿರ ಸಲ ಹೇಳಿಸಿದ ರೂಪವದು! ಇದ್ದ ಜಾಗದಲ್ಲಿ ಗೋಡೆಯಿತ್ತು. ಉಸಿರು ಸರಿಯಾಗಿಯೇ ಇತ್ತು, ಕಾಲು ನಡೆಯುತ್ತಲೇ ಇತ್ತು, ಮಾತು ಮಾತ್ರ ಬರಲಿಲ್ಲ. ಆಗ ಭಯವಾಯಿತು. ರಸ್ತೆಯ ಪಕ್ಕದ ಮೋರಿ ಕಟ್ಟೆಯ ಮೇಲೆ ಕುಳಿತೆವು. ಜೇಬಿನಲ್ಲಿ ಏನೋ ಇದೆಯೆಂದು ನೆನಪು, ಏನೆಂದು ನೆನಪಿಲ್ಲ.

ಹಿಂದಿನಿಂದ ಬಂದ ಒಬ್ಬ ಹುಡುಗಿಯು ನಮ್ಮನ್ನು ನೋಡಿ ನಿಂತಳು. ಇಪ್ಪತ್ತು ವರ್ಷವಿದ್ದೀತು. ಬೆವರಿಳಿಯುವ ಮುದುಕನೊಬ್ಬನು ಮೋರಿಯ ಮೇಲೆ ಕುಳಿತು ರಾಮಾಯ ರಾಮಾಯ ಎನ್ನುತ್ತಿದ್ದರೆ ಯಾರಾದರೂ ಏನೆಂದು ತಿಳಿಯಬೇಕು? ಅಂತ್ಯಕಾಲದ ಸ್ಮರಣೆಯೆಂದೇ ಅವಳು ತಿಳಿದಳಂತೆ. "ತಾತ, ಎದೆನೋವಿದೆಯೇ?" ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆವು. "ಸಕ್ಕರೆ ಕಾಯಿಲೆ ಇದೆಯೇ?" ಹೌದೆಂದೆವು. ಅವಳು ನರ್ಸಿಂಗ್ ಓದುತ್ತಿರುವವಳು. ಮುಂದಿನ ಪ್ರಶ್ನೆಗೆ ಕಾಯದೆ ನಮ್ಮ ಜೇಬಿಗೇ ಕೈಹಾಕಿ ಬೆಲ್ಲದ ಗಂಟನ್ನು ತೆಗೆದಳು. ನಾಲ್ಕು ಉಂಡೆಗಳನ್ನು ಒಂದೊಂದಾಗಿ ಬಾಯಿಗಿಟ್ಟು, ನುಂಗುತ್ತೇವೆಯೋ ಇಲ್ಲವೋ ಎಂದು ನೋಡುತ್ತ, ಮೇಲೆ ನೀರು ಕುಡಿಸಿದಳು. ಎಚ್ಚರವಿದ್ದು ನುಂಗಲು ಶಕ್ತಿಯಿರುವವರಿಗೆ ಮಾತ್ರ ಹೀಗೆ ಕೊಡಬೇಕಂತೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಉಸಿರಿನ ದಾರಿಗೆ ಹೋದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕೊಟ್ಟ ಮೇಲೆ ಹದಿನೈದು ನಿಮಿಷ ಕಾಯಬೇಕು. ಗುಣ ತೋರದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಹೀಗೆ ಹೇಳಿ ಅವಳು ನಮ್ಮ ಪಕ್ಕದಲ್ಲಿಯೇ ಕುಳಿತಳು. ಅವಳ ಎದೆಯ ಮೇಲೂ ಒಂದು ಅಂಕೆಯಿತ್ತು. ನೀನು ಹೋಗಮ್ಮಾ, ನಿನ್ನ ಕಾಲ ಕಳೆಯುತ್ತಿದೆ ಎಂದು ಹೇಳಬೇಕೆಂದಿತ್ತು. ಅಷ್ಟು ಉದ್ದದ ವಾಕ್ಯವು ಆಗ ಕೂಡಿಬರಲಿಲ್ಲ.

ನಿಧಾನವಾಗಿ ಹುಲ್ಲಿಗೆ ಹುಲ್ಲಿನ ಬಣ್ಣವು ಬಂದಿತು. ಬೆರಳುಗಳು ನಿಂತವು. ಏನು ಹೇಳುತ್ತಿದ್ದಿರಿ ತಾತ ಎಂದು ಅವಳು ಕೇಳಿದಾಗ ವಿವರಿಸಿದೆವು. "ಹಾಗಾದರೆ ಮುಂದಿನದು ಹೇಳಿ" ಎಂದಳು. ರಾಮಾತ್ ರಾಮಾಭ್ಯಾಂ ರಾಮೇಭ್ಯಃ ಎಂದು ತಾನಾಗಿ ಬಂದಿತು. ಅವಳು ಕೈತಟ್ಟಿ ನಕ್ಕಳು. ಅಷ್ಟರಲ್ಲಿ ಓಟದವರ ಆಂಬ್ಯುಲೆನ್ಸ್ ಗಾಡಿಯು ಬಂದು, ಬೆರಳು ಚುಚ್ಚಿ ನೋಡಲಾಗಿ ಸಕ್ಕರೆಯು ತೊಂಬತ್ತೆರಡಕ್ಕೆ ಏರಿತ್ತು. ಗಾಡಿಯಲ್ಲಿ ಕುಳಿತುಕೊಳ್ಳಿರೆಂದರು. ನಡೆದೇ ಬರುತ್ತೇವೆಂದು ಹಟಮಾಡಿದೆವು. ಅದು ವಿವೇಕವೆಂದು ಹೇಳಲಾರೆವು. ಹುಡುಗಿಯು ಜೊತೆಗಿರುವುದಾಗಿ ಒಪ್ಪಿದ ಮೇಲೆ ಬಿಸ್ಕತ್ತಿನ ಪೊಟ್ಟಣವೊಂದನ್ನು ತಿನ್ನಿಸಿ, ಗಾಡಿಯನ್ನು ಹಿಂದೆಯೇ ಮೆಲ್ಲಗೆ ನಡೆಸಿಕೊಂಡು ಬಂದರು.

ಉಳಿದ ನಾಲ್ಕೂವರೆ ಕಿಲೋಮೀಟರುಗಳನ್ನು ನಡೆಯುತ್ತ, ಆಗಿದ್ದೇನೆಂದು ಯೋಚಿಸಿದೆವು. ಬೆಳಿಗ್ಗೆ ನಾಲ್ಕು ಘಂಟೆಗೆ ಎದ್ದು, ಮೂರು ವರ್ಷಗಳ ಅಭ್ಯಾಸದಂತೆ, ಮಾತ್ರೆಯನ್ನು ಇಡಿಯಾಗಿಯೇ ನುಂಗಿದ್ದೆವು. ಚೀಟಿಯು ಕನ್ನಡಕದ ಪೆಟ್ಟಿಗೆಯಲ್ಲಿತ್ತು. ಮಾತ್ರೆ ನುಂಗಲು ಕನ್ನಡಕವು ಬೇಕಾಗಿರಲಿಲ್ಲ. ಹುಡುಗಿಗೆ ಇದು ಮೊದಲನೆಯ ಓಟವಂತೆ. ಮೂರು ಘಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಸಬೇಕೆಂದು ಗುರಿಯಿಟ್ಟು ನಾಲ್ಕು ತಿಂಗಳು ಬೆಳಿಗ್ಗೆ ಎದ್ದವಳು. ಕ್ಷಮಿಸೆಂದು ಕೇಳಲು ಹೋದರೆ, "ಪಂಚಮೀ ಅಂದರೆ ಏನರ್ಥ ತಾತ?" ಎಂದು ಮಾತು ಮರೆಸಿದಳು. ಅಪಾದಾನ, ಯಾವುದರಿಂದ ಅಗಲುತ್ತೇವೋ ಅದು ಎಂದು ವಿವರಿಸುತ್ತ ನಡೆದೆವು.

ನಾವು ಕಣವನ್ನು ಸೇರಿದಾಗ ಮೂರು ಘಂಟೆ ಐವತ್ತೆರಡು ನಿಮಿಷವಾಗಿತ್ತು. ಕಾಲವನ್ನು ಅಳೆಯುವ ಯಂತ್ರವನ್ನು ಬಿಚ್ಚಿ ವ್ಯಾನಿಗೆ ಏರಿಸುತ್ತಿದ್ದರು. ನಮ್ಮ ಹೆಸರೂ ಅವಳ ಹೆಸರೂ ಪಟ್ಟಿಯಲ್ಲಿ ಬರುವುದಿಲ್ಲವೆಂದು ವಿನಯದಿಂದಲೇ ತಿಳಿಸಿದರು. ಶಿಷ್ಯನು ಎರಡು ಘಂಟೆ ಹತ್ತು ನಿಮಿಷಕ್ಕೆ ಮುಗಿಸಿ, ಒಂದೂವರೆ ಘಂಟೆಯಿಂದ ರಸ್ತೆಯ ತಿರುವಿನಲ್ಲಿ ನಿಂತಿದ್ದವನು ನಮ್ಮ ಜೊತೆ ನಡೆದು ಬಂದನು. ಏನಾಯಿತೆಂದು ಅವನು ಕೇಳಿದ್ದಕ್ಕೆ, ಕಾಲು ಹಿಡಿದುಕೊಂಡಿತೆಂದು ಸುಳ್ಳು ಹೇಳಿದೆವು. ಹುಡುಗಿಯು ನಮ್ಮ ಮುಖವನ್ನು ನೋಡಿದಳು, ಏನೂ ಹೇಳಲಿಲ್ಲ.

ನಮ್ಮ ಮನೆಯಾಕೆಯು ಕಣದ ಅಂಚಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ನಮ್ಮನ್ನು ಕುಳ್ಳಿರಿಸಿ, ಹೆಗಲ ಮೇಲೆ ಶಾಲನ್ನು ಹೊದಿಸಿ, ಕೈಯನ್ನು ಚಾಚಿದಳು. ಜೇಬಿನ ಗಂಟನ್ನು ಕೊಟ್ಟೆವು. ಆಕೆಯು ಅದನ್ನು ಬಿಚ್ಚಿ ಬೆರಳಿನಿಂದ ಎಣಿಸಿದಳು.

"ಎಂಟು ಕಟ್ಟಿದ್ದೆ. ನಾಲ್ಕಿವೆ."

ಹೇಳಿದೆವು. ಮಾತ್ರೆಯನ್ನೂ ಹೇಳಿದೆವು, ಪಂಚಮೀ ವಿಭಕ್ತಿಯನ್ನೂ ಹೇಳಿದೆವು, ಗಾಡಿಯನ್ನು ಹತ್ತದಿದ್ದುದನ್ನೂ ಹೇಳಿದೆವು. ಪಕ್ಕದಲ್ಲಿ ನಿಂತಿದ್ದ ಶಿಷ್ಯನು ಎಲ್ಲವನ್ನೂ ಕೇಳಿಸಿಕೊಂಡನು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗಿಯನ್ನು ಕರೆದು ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಫ್ಲಾಸ್ಕಿನಿಂದ ಬಿಸಿಯಾದ ಕಾಫಿಯನ್ನು ಮೊದಲು ಅವಳಿಗೆ ಬಗ್ಗಿಸಿಕೊಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ, "ಆ ಪಂಚಮೀ ಈಗ ಬರುತ್ತದೆಯೇ? ಎಲ್ಲಿ, ಹೇಳಿ ನೋಡೋಣ" ಎಂದಳು.

ಶಿಷ್ಯನ ಎದುರಿಗೆ, ಎಂಟನೆಯ ತರಗತಿಯ ಹುಡುಗನಂತೆ ಕೈಕಟ್ಟಿ, ಹೇಳಿ ಒಪ್ಪಿಸಿದೆವು.